‘ತಲೆಗೆ ಹತ್ತಲ್ಲ’ ಅನ್ನಿಸಿಕೊಂಡ ಮಕ್ಕಳು ಓದಲು ಕಲಿತಾಗ

ಮಂಡ್ಯ ಸುತ್ತಮುತ್ತಲಿನ ಯಾವುದಾದರೂ ಸರ್ಕಾರಿ ಶಾಲೆಯ ಐದನೇ ತರಗತಿಗೆ ಹೋಗಿ ಮಕ್ಕಳ ನೋಟ್‌ಬುಕ್ ತೆರೆದು ನೋಡಿ. ಅಕ್ಷರ ದುಂಡಗೆ, ಚೆನ್ನಾಗಿರುತ್ತವೆ. ಬೋರ್ಡ್ ಮೇಲೆ ಬರೆದ ಪ್ರಶ್ನೆ, ಅದರ ಉತ್ತರ, ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಗುರುತು, ಎಲ್ಲವೂ ಇರುತ್ತವೆ. ಪದ್ಯ ಹೇಳಿ ಅಂದರೆ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಅವರು ಹಿಂದೆಂದೂ ನೋಡಿರದ ನಾಲ್ಕು ಸಾಲು ಕೊಟ್ಟು ಓದಿಸಿ. ಕೆಲವರು ಸರಾಗವಾಗಿ ಓದುತ್ತಾರೆ. ಕೆಲವರು ಒಂದೊಂದೇ ಅಕ್ಷರ ಕೂಡಿಸಿ ಓದಿ, ಸಾಲಿನ ಕೊನೆಗೆ ಬರುವ ಹೊತ್ತಿಗೆ ಮೊದಲ ಪದ ಮರೆತಿರುತ್ತಾರೆ. ಇನ್ನು ಕೆಲವರು ಹಾಳೆ ನೋಡುವುದೇ ಇಲ್ಲ. ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾರೆ.

ಈ ಕೊನೆಯ ಮಕ್ಕಳ ಬಗ್ಗೆ ಎಲ್ಲರಿಗೂ ಒಂದು ತೀರ್ಮಾನ ಆಗಲೇ ಇರುತ್ತದೆ. ಅಪ್ಪನೋ ಅಜ್ಜಿಯೋ ಶಾಲೆಗೆ ಬಂದಾಗ ತಾವೇ ಹೇಳುತ್ತಾರೆ: “ಇವ್ನ ತಲೆಗೆ ಓದು ಹತ್ತಕಿಲ್ಲ ಬುಡಿ ಮೇಷ್ಟ್ರೇ. ಹೆಂಗೋ ಹತ್ತನೇ ಕ್ಲಾಸ್ ಗಂಟ ದಾಟಿಸ್ಬುಡಿ, ಆಮೇಲೆ ಗದ್ದೆ ಕೆಲ್ಸ ಇದ್ದೇ ಅದೆ.” ಮೇಷ್ಟ್ರು ತಲೆಯಾಡಿಸುತ್ತಾರೆ. ಮಗು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ.

ಈ ಮಾತಿನಲ್ಲಿ ದ್ವೇಷ ಇಲ್ಲ. ಎಷ್ಟೋ ಸಲ ಪ್ರೀತಿಯೇ ಇರುತ್ತದೆ. ಮಗುವಿಗೆ ಜಾಸ್ತಿ ಹಿಂಸೆ ಬೇಡ, ಇದ್ದಷ್ಟರಲ್ಲಿ ನೆಮ್ಮದಿಯಾಗಿರಲಿ ಅನ್ನುವ ಕಾಳಜಿ ಅದು. ಆದರೆ ಹತ್ತು ವರ್ಷದ ಮಗುವಿನ ಮುಂದಿನ ಬದುಕನ್ನು ಆ ಒಂದು ಮಾತು ಅಳೆದು ಮುಗಿಸಿಬಿಡುತ್ತದೆ. ಇದನ್ನು ಬದಲಿಸುವುದು ಹೇಗೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಮಕ್ಕಳ ಮೇಲೆ ನಂಬಿಕೆ ಇಡಿ’ ಎಂಬುದು. ಶಿಕ್ಷಕರ ತರಬೇತಿಯಲ್ಲೂ ಇದೇ, ಭಾಷಣದಲ್ಲೂ ಇದೇ. ನನಗೆ ಈ ಉತ್ತರ ಸಾಲದು ಅನ್ನಿಸುತ್ತದೆ. ನಂಬಿಕೆ ಹುಟ್ಟಲಿ, ಓದು ಆಮೇಲೆ ಬರುತ್ತದೆ ಅಂತ ಕಾಯುತ್ತಾ ಕೂತರೆ ಮಗು ಏಳನೇ ತರಗತಿಗೆ ಹೋಗಿರುತ್ತದೆ. ಓದು ಕಲಿಸುವ ಕೆಲಸ ಮೊದಲು ಆಗಬೇಕು. ಮಗು ಓದುವುದನ್ನು ಕಣ್ಣಾರೆ ಕಂಡಾಗ ಮೇಷ್ಟ್ರ ಅಂದಾಜು ಬದಲಾಗುತ್ತದೆ, ಮನೆಯವರದ್ದು ಬದಲಾಗುತ್ತದೆ, ಮಗು ತನ್ನ ಬಗ್ಗೆ ಇಟ್ಟುಕೊಂಡಿದ್ದ ಅಂದಾಜೂ ಬದಲಾಗುತ್ತದೆ. ಇದಕ್ಕೆ ಸಾಕಷ್ಟು ಆಧಾರ ಇದೆ. ಅದರಲ್ಲಿ ಒಂದು ದೊಡ್ಡ ಆಧಾರ ನಮ್ಮ ಮೈಸೂರು ಜಿಲ್ಲೆಯದ್ದೇ.

ಮೊದಲು ಸಮಸ್ಯೆ ಎಷ್ಟು ದೊಡ್ಡದು ನೋಡೋಣ. ಪ್ರಥಮ್ ಸಂಸ್ಥೆ ನಡೆಸುವ ‘ಅಸರ್’ ಸಮೀಕ್ಷೆಯವರು ಹಳ್ಳಿಯ ಮನೆಗಳಿಗೇ ಹೋಗಿ ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸುತ್ತಾರೆ. ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿ ಮಟ್ಟದ ಪುಟ್ಟ ಕಥೆ ಓದಬಲ್ಲವರು ದೇಶದಲ್ಲಿ 2018ರಲ್ಲಿ ಶೇ 27.3ರಷ್ಟಿದ್ದರು. ಕೋವಿಡ್ ಆದ ಮೇಲೆ, 2022ರಲ್ಲಿ, ಅದು ಶೇ 20.5ಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಶೇ 27.1ಕ್ಕೆ ಬಂತು. ಅಂದರೆ ಚೇತರಿಸಿಕೊಂಡ ಮೇಲೂ ನಾಲ್ವರಲ್ಲಿ ಸುಮಾರು ಮೂವರಿಗೆ ಆ ಕಥೆ ಓದಲು ಬರುವುದಿಲ್ಲ. ಐದನೇ ತರಗತಿಯಲ್ಲಿ ಅದೇ ಕಥೆ ಓದಬಲ್ಲವರು 2024ರಲ್ಲಿ ಶೇ 48.8. ಕರ್ನಾಟಕದ ಹಳ್ಳಿಗಳಲ್ಲಿ 2021ರಲ್ಲಿ ನಡೆದ ಸಮೀಕ್ಷೆಯಂತೂ ಇನ್ನೂ ಬೇಸರ ತರಿಸುವಂಥದ್ದು. 2018ರಲ್ಲಿ ಮೂರನೇ ತರಗತಿಯ ಐವರಲ್ಲಿ ಒಬ್ಬರು ಓದುತ್ತಿದ್ದರೆ, ಶಾಲೆ ಮುಚ್ಚಿದ್ದ ಆ ಕಾಲದಲ್ಲಿ ಅದು ಹತ್ತರಲ್ಲಿ ಒಬ್ಬರಿಗೆ ಬಂದಿತ್ತು.

ಇಷ್ಟೊಂದು ಮಕ್ಕಳು ಒಟ್ಟಿಗೆ ದಡ್ಡರಾಗಿ ಹುಟ್ಟಿರಲು ಸಾಧ್ಯವಿಲ್ಲ, ಅಲ್ವಾ? ಹಾಗಿದ್ದರೂ ಒಂದೊಂದು ಮಗುವಿನ ವಿಷಯಕ್ಕೆ ಬಂದಾಗ ನಾವು ಕೊಡುವ ಕಾರಣ ಅದೇ.

ಕೊನೇ ಬೆಂಚಿಗೆ ತಲುಪದ ಓದು

1968ರಲ್ಲಿ ಅಮೆರಿಕದ ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಒಂದು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಕೆಲವು ಮಕ್ಕಳ ಹೆಸರು ಕೊಟ್ಟು, ಈ ವರ್ಷ ಇವರು ಚೆನ್ನಾಗಿ ಮುಂದೆ ಬರುತ್ತಾರೆ ಎಂದು ಹೇಳಿದ್ದರು. ನಿಜದಲ್ಲಿ ಆ ಹೆಸರುಗಳನ್ನು ಚೀಟಿ ಎತ್ತುವ ರೀತಿಯಲ್ಲಿ ಆರಿಸಲಾಗಿತ್ತು. ವರ್ಷದ ಕೊನೆಗೆ ಪರೀಕ್ಷೆ ಮಾಡಿದಾಗ ಒಂದು ಮತ್ತು ಎರಡನೇ ತರಗತಿಗಳಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದಿದ್ದರು. ಈ ಪ್ರಯೋಗದ ಬಗ್ಗೆ ಆಮೇಲೆ ತುಂಬಾ ತಕರಾರು ಬಂತು. ಶಿಕ್ಷಕರ ನಿರೀಕ್ಷೆಯಿಂದ ಆಗುವ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು ಎಂದು ನಂತರದ ಸಂಶೋಧಕರು ತೋರಿಸಿದರು. ಆದರೆ ಸಮಾಜ ಮೊದಲೇ ಕೀಳಾಗಿ ನೋಡುವ ಗುಂಪಿನ ಮಕ್ಕಳ ಮೇಲೆ ಅದು ಜಾಸ್ತಿ ಆಗುತ್ತದೆ ಅನ್ನುವುದನ್ನೂ ಅವರೇ ಹೇಳಿದರು. ನಮಗೆ ಮುಖ್ಯವಾಗಬೇಕಾದ್ದು ಈ ಎರಡನೇ ಮಾತು.

ನಿರೀಕ್ಷೆ ಮನಸ್ಸಿನೊಳಗೆ ಇರುವಂಥದ್ದು. ಅದು ಮಗುವನ್ನು ಮುಟ್ಟುವುದು ಹೇಗೆ? ಸಮಯದ ಮೂಲಕ. ತರಗತಿಯಲ್ಲಿ ಪಾಠ ಓದಿ ಅಂದಾಗ ಯಾರನ್ನು ಎಬ್ಬಿಸುತ್ತಾರೆ? ಚೆನ್ನಾಗಿ ಓದುವವರನ್ನು. ಇನ್ಸ್‌ಪೆಕ್ಷನ್‌ಗೆ ಬಂದವರ ಮುಂದೆ ನಿಲ್ಲಿಸುವುದೂ ಅವರನ್ನೇ. ಓದಲು ಬಾರದ ಮಗುವಿಗೆ ಸೀಮೆಸುಣ್ಣ ತರುವ, ಬೋರ್ಡ್ ಒರೆಸುವ, ಬಿಸಿಯೂಟದ ತಟ್ಟೆ ಜೋಡಿಸುವ ಕೆಲಸ ಸಿಗುತ್ತದೆ. ಪಾಪ, ಅವನಿಗೂ ಏನಾದರೂ ಮಾಡಿದ ಖುಷಿ ಇರಲಿ ಅಂತಲೇ ಕೊಡುತ್ತಾರೆ. ಉತ್ತರ ತಡವಾದರೆ ಮುಂದಿನವನನ್ನು ಕೇಳುತ್ತಾರೆ. ಉಕ್ತಲೇಖನದ ಬದಲು ಅವನಿಗೆ ಕಾಪಿ ಬರವಣಿಗೆ. ಹೀಗೆ ದಿನಕ್ಕೆ ಹತ್ತು ನಿಮಿಷ ಕಡಿಮೆ ಆಯಿತು ಅಂದುಕೊಳ್ಳಿ. ಮೂರು ವರ್ಷದಲ್ಲಿ ಅದು ಎಷ್ಟಾಗುತ್ತದೆ?

ಮಂಡ್ಯದವರಿಗೆ ಇದನ್ನು ವಿವರಿಸಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನವರ ಗದ್ದೆ ತುಂಬಿಸಿ, ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗಕ್ಕೆ ತಲುಪದೇ ಹೋಗುವುದು ನಮಗೆ ಹಳೇ ಕಥೆ. ಅಲ್ಲಿ ಪೈರು ಒಣಗಿದರೆ ಭೂಮಿಯೇ ಸರಿಯಿಲ್ಲ ಅಂತ ಯಾರೂ ಹೇಳುವುದಿಲ್ಲ. ನೀರು ಬಂದಿಲ್ಲ ಅಂತಾರೆ. ಮಕ್ಕಳ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾತಾಡುವುದಿಲ್ಲ.

ಜಾತಿಯ ಮಾತನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾಗದು. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ 6 ಮತ್ತು 7ನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು ನೋಡಿದರು. ಜಾತಿಯ ಸುದ್ದಿ ಎತ್ತದಿದ್ದಾಗ ದಲಿತ ಹುಡುಗರೂ ಮೇಲ್ಜಾತಿಯ ಹುಡುಗರೂ ಹೆಚ್ಚುಕಮ್ಮಿ ಒಂದೇ ರೀತಿ ಬಿಡಿಸಿದರು. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿಯನ್ನೂ ಓದಿ ಹೇಳಿದಾಗ ದಲಿತ ಹುಡುಗರು ಹಿಂದೆ ಬಿದ್ದರು. ಒಗಟು ಅದೇ, ಮಿದುಳು ಅದೇ. ಬದಲಾದದ್ದು ತನ್ನನ್ನು ಇವರು ಹೇಗೆ ನೋಡುತ್ತಿದ್ದಾರೆ ಅನ್ನುವ ಅರಿವು ಮಾತ್ರ. ರೆಮಾ ಹನ್ನಾ ಮತ್ತು ಲೀ ಲಿಂಡೆನ್ 2012ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಉತ್ತರ ಪತ್ರಿಕೆಯ ಮೇಲೆ ಕೆಳಜಾತಿ ಎಂದು ನಮೂದಾಗಿದ್ದರೆ ಶಿಕ್ಷಕರು ಸ್ವಲ್ಪ ಕಡಿಮೆ ಅಂಕ ಕೊಟ್ಟಿದ್ದು ಕಂಡಿತು. ಯಾವ ಪತ್ರಿಕೆಯ ಮೇಲೆ ಯಾವ ಜಾತಿ ಅನ್ನುವುದನ್ನು ಸಂಶೋಧಕರು ಚೀಟಿ ಎತ್ತುವ ರೀತಿಯಲ್ಲಿ ಹಾಕಿದ್ದರು. ನಮ್ಮ ಶಾಲೆಗಳಲ್ಲಿ ಇದನ್ನು ಯಾರೂ ಬರೆದು ತೋರಿಸಬೇಕಿಲ್ಲ. ‘ಕಾಲೋನಿ ಮಕ್ಕಳು’, ‘ಹಾಡಿ ಮಕ್ಕಳು’, ‘ಕಬ್ಬು ಕಡಿಯೋರ ಮಕ್ಕಳು’ ಅನ್ನುವ ಪದಗಳು ಸ್ಟಾಫ್ ರೂಮಿನಲ್ಲಿ ಸಹಜವಾಗಿ ಓಡಾಡುತ್ತವೆ. ಆ ಪದದ ಜೊತೆ ಒಂದು ಅಂದಾಜೂ ಓಡಾಡುತ್ತದೆ.

ಕನ್ನಡ ಓದು ಬರಲು ಎಷ್ಟು ಕಾಲ ಬೇಕು?

ಇದು ತುಂಬಾ ಜನ ಕೇಳಿಕೊಳ್ಳದ ಪ್ರಶ್ನೆ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ನಾವು ಹೇಳುತ್ತೇವೆ. ಆದರೆ ಮಗು ಪುಟದ ಮೇಲೆ ಎದುರಿಸುವುದು ಅಷ್ಟನ್ನೇ ಅಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ಐನೂರರ ಹತ್ತಿರ ಆಕಾರಗಳಾಗುತ್ತವೆ. ಆಮೇಲೆ ಒತ್ತಕ್ಷರ. ಮ ಮತ್ತು ವ, ಭ ಮತ್ತು ಬ, ಕೊಂಬಿನಲ್ಲಿ ಹ್ರಸ್ವ ದೀರ್ಘ, ಇವೆಲ್ಲ ಕಣ್ಣಿಗೆ ಕೂರಲು ಕಾಲ ಬೇಕು. ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಂಗ್ಲಿಷಿನಂಥ ಭಾಷೆಯ ಮಕ್ಕಳು ಅಕ್ಷರಗಳನ್ನು ಬೇಗ ಕಲಿತು ಮುಗಿಸುತ್ತಾರೆ. ಕನ್ನಡದಲ್ಲಿ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಕೆಲವು ವರ್ಷಗಳೇ ಹಿಡಿಯುತ್ತವೆ, ನಾಲ್ಕನೇ ತರಗತಿಯವರೆಗೂ ಅದು ಮುಂದುವರಿಯುತ್ತದೆ.

ಹಾಗಾಗಿ ಎರಡನೇ ತರಗತಿಯ ಮಗುವಿಗೆ ಒತ್ತಕ್ಷರ ಬರಲಿಲ್ಲ ಅಂದರೆ ಅದು ಕಲಿಕೆಯ ನಡುವೆ ಇದೆ ಎಂದಷ್ಟೇ ಅರ್ಥ. ಆದರೆ ಆ ಹೊತ್ತಿಗೆ ‘ಸ್ಲೋ ಲರ್ನರ್’ ಎಂಬ ಹೆಸರು ಬಿದ್ದಿರುತ್ತದೆ. ಮೂರನೇ ತರಗತಿ ದಾಟಿದ ಮೇಲೆ ಅಕ್ಷರ ಕಲಿಸುವ ಕೆಲಸವನ್ನೇ ಶಾಲೆ ನಿಲ್ಲಿಸುತ್ತದೆ. ಪರಿಸರ ಅಧ್ಯಯನ, ಗಣಿತದ ಲೆಕ್ಕದ ವಾಕ್ಯ, ಎಲ್ಲವೂ ಓದು ಬರುತ್ತದೆ ಅನ್ನುವ ಲೆಕ್ಕದಲ್ಲೇ ನಡೆಯುತ್ತವೆ. ಓದು ಬಂದವರು ಓದಿ ಓದಿ ಹೊಸ ಪದ ಕಲಿಯುತ್ತಾ ಹೋಗುತ್ತಾರೆ. ಬಾರದವರಿಗೆ ಪ್ರತಿ ವಿಷಯದಲ್ಲೂ ಬಾಗಿಲು ಮುಚ್ಚುತ್ತದೆ. ಐದನೇ ತರಗತಿಯಲ್ಲಿ ಕಾಣುವ ಅಂತರ ನಿಜವಾದ ಅಂತರವೇ. ಅದು ಹುಟ್ಟಿನಿಂದ ಬಂದದ್ದಲ್ಲ, ಶಾಲೆಯೊಳಗೆ ಬೆಳೆದದ್ದು.

ಎಚ್.ಡಿ. ಕೋಟೆಯಲ್ಲಿ ಆದದ್ದು

1990ರ ದಶಕದಲ್ಲಿ ರಾಜ್ಯದಲ್ಲಿ ‘ಹಿಂದುಳಿದದ್ದು’ ಎಂಬ ಪದಕ್ಕೆ ಉದಾಹರಣೆ ಬೇಕಾದಾಗ ಜನ ಎಚ್.ಡಿ. ಕೋಟೆಯ ಹೆಸರು ಹೇಳುತ್ತಿದ್ದರು. ಮೈಸೂರಿನಿಂದ ಐವತ್ತು ಕಿಲೋಮೀಟರ್ ಆಸುಪಾಸು. ಕಾಡಂಚಿನ ಊರುಗಳು, ಹಾಡಿಗಳು, ಒಬ್ಬರೋ ಇಬ್ಬರೋ ಮೇಷ್ಟ್ರು ಇರುವ ಶಾಲೆಗಳು. ಹೊಸ ಪದ್ಧತಿ ಇಲ್ಲಿ ಹುಟ್ಟುತ್ತದೆ ಅಂತ ಯಾರೂ ನಿರೀಕ್ಷಿಸುವ ಜಾಗ ಅಲ್ಲ. 1995ರಲ್ಲಿ ‘ನಲಿ-ಕಲಿ’ ಎಂಬ ಕಲಿಸುವ ಪದ್ಧತಿ ಹುಟ್ಟಿದ್ದು ಅಲ್ಲೇ.

ಯುನಿಸೆಫ್ ನೆರವಿನಲ್ಲಿ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಬಂದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ದಾರಿ ಕಂಡುಕೊಂಡಿದ್ದರು. ಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದು ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕೂತು ಹೊಸದಾಗಿ ಕಟ್ಟಿದರು. ಈ ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ರಾಜಧಾನಿಯಲ್ಲಿ ಕೂತವರು ಇವರಿಗೆ ಕಲಿಸಲಿಲ್ಲ. ಆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಮಾಡಿದ್ದನ್ನು ನಂತರ ಇಡೀ ರಾಜ್ಯ ಕಲಿಯಿತು. 2009-10ರಲ್ಲಿ ನಲಿ-ಕಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು. ಆಮೇಲೆ ಮೂರನೇ ತರಗತಿಗೂ.

ಅದರ ಒಳಗಿನ ಯೋಚನೆ ನೋಡಿ. ಅಕ್ಷರ ಕಲಿಸುವುದು ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಇಂದ ಶುರು. ಶಾಲೆಗೆ ಬಂದ ಕೆಲವೇ ದಿನಗಳಲ್ಲಿ ಮಗು ಅರಸ, ಅಗಸ, ದರ, ಸರ, ಗರಗಸ ಎಂದು ಓದಬಹುದು. ನಮ್ಮ ಕಡೆ ಮಕ್ಕಳಿಗೆ ಇನ್ನೂ ಖುಷಿ ಕೊಡುವ ಪದವೂ ಅದರಲ್ಲೇ ಇದೆ: ದಸರ. ಐದೇ ಅಕ್ಷರಕ್ಕೆ ಇಷ್ಟೆಲ್ಲ. ಇಡೀ ವರ್ಣಮಾಲೆ ಬಾಯಿಪಾಠ ಆಗುವವರೆಗೆ ಪದ ಓದುವ ಸುಖವನ್ನು ಮುಂದೂಡುವ ಹಳೇ ಕ್ರಮದಲ್ಲಿ, ನಿಧಾನದ ಮಗು ಆ ಸುಖ ಕಾಣುವ ಮೊದಲೇ ಸೋತುಹೋಗುತ್ತಿತ್ತು. ಇಲ್ಲಿ ಮೊದಲ ತಿಂಗಳಲ್ಲೇ ‘ನನಗೆ ಓದಲು ಬರುತ್ತದೆ’ ಅಂತ ಮನೆಗೆ ಹೋಗಿ ತೋರಿಸಬಹುದು.

ಎರಡನೆಯದು ಕಲಿಕಾ ಏಣಿ. ಪ್ರತಿ ಮಗು ತಾನಿರುವ ಮೆಟ್ಟಿಲನ್ನು ತಾನೇ ಗುರುತಿಸಿ, ಅದಕ್ಕೆ ತಕ್ಕ ಕಾರ್ಡ್ ತೆಗೆದುಕೊಂಡು, ಸರಿಯಾದ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ, ಮತ್ತೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಮಗದೊಂದರಲ್ಲಿ ತಾವೇ ಮಾಡುತ್ತಾರೆ. ಕಬ್ಬಿನ ಕೆಲಸಕ್ಕೋ ಕೊಡಗಿನ ಕಾಫಿ ಕೊಯ್ಲಿಗೋ ಅಪ್ಪ ಅಮ್ಮನ ಜೊತೆ ಹೋಗಿ ತಿಂಗಳು ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ‘ಪಾಠ ಮುಂದೆ ಹೋಯ್ತು, ನೀನು ಹಿಂದೆ ಉಳಿದೆ’ ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಓದು ಬಾರದ ಮಗುವೇ ಮೇಷ್ಟ್ರ ಪಕ್ಕದಲ್ಲಿ ಕೂರುತ್ತದೆ. ಕೊನೇ ಬೆಂಚು ಇಲ್ಲ, ಯಾಕಂದರೆ ಬೆಂಚೇ ಇಲ್ಲ, ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತಾರೆ. ಮೇಷ್ಟ್ರ ಮನಸ್ಸಿನಲ್ಲಿ ಏನೇ ಅಂದಾಜಿದ್ದರೂ, ಕ್ರಮವೇ ಆ ಮಗುವಿಗೆ ಸಮಯ ಕೊಡಿಸುತ್ತದೆ.

ಕೊರತೆಗಳೂ ಇವೆ. ಮೂರು ತರಗತಿ ಒಟ್ಟಿಗೆ ಕೂರಿಸುವುದನ್ನು ಶಿಕ್ಷಕರ ಕೊರತೆ ಮುಚ್ಚುವ ಉಪಾಯವಾಗಿ ಬಳಸಿದ ಕಡೆ ಅದು ಸೊರಗಿತು. ಹರಿದ ಕಾರ್ಡ್ ಬದಲಾಗದ ಕಡೆ, ತರಬೇತಿ ಇಲ್ಲದ ಅತಿಥಿ ಶಿಕ್ಷಕರಿಗೆ ತರಗತಿ ವಹಿಸಿದ ಕಡೆಯೂ ಹಾಗೇ ಆಯಿತು. ಎಲ್ಲಕ್ಕಿಂತ ದೊಡ್ಡ ತೊಡಕು ನಾಲ್ಕನೇ ತರಗತಿ. ಅಲ್ಲಿ ಏಣಿ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಏಣಿಯ ಅರ್ಧದಲ್ಲಿದ್ದ ಮಗುವಿನ ಕೈಗೆ ದಪ್ಪ ಪಠ್ಯಪುಸ್ತಕ ಬರುತ್ತದೆ. ಈ ಬಿರುಕಿನಲ್ಲಿ ಬಿದ್ದ ಮಕ್ಕಳೇ ಐದನೇ ತರಗತಿಯಲ್ಲಿ ನಮ್ಮ ಮುಖ ನೋಡುತ್ತಾ ನಿಲ್ಲುವವರು.

ಅದೇ ಮೇಷ್ಟ್ರು, ಬೇರೆ ಫಲಿತಾಂಶ

ಬಿಹಾರದ ಒಂದು ಅನುಭವ ಇಲ್ಲಿ ಹೇಳಲೇಬೇಕು. ಪ್ರಥಮ್ ಜೊತೆ ಸೇರಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಹಲವು ವರ್ಷ ಪರೀಕ್ಷಿಸಿ ನೋಡಿದ ವಿಷಯ ಇದು. (ಇವರಿಬ್ಬರಿಗೆ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.) 2008ರ ಬೇಸಿಗೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ಒಂದು ತಿಂಗಳ ಓದಿನ ಶಿಬಿರ ನಡೆಸಿದರು. ಹಿಂದುಳಿದ ಮಕ್ಕಳನ್ನೇ ಕೂರಿಸಿಕೊಂಡು, ಅವರಿಗೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಂದ ಕಲಿಸಿದರು. ಒಂದೇ ತಿಂಗಳಲ್ಲಿ ಓದು ಸುಧಾರಿಸಿತು. ಆದರೆ ಶಾಲೆ ಶುರುವಾದ ಮೇಲೆ ಬರೀ ತರಬೇತಿ ಮತ್ತು ಸಾಮಗ್ರಿ ಕೊಟ್ಟು ನೋಡಿದಾಗ ಏನೂ ಬದಲಾಗಲಿಲ್ಲ. ಯಾಕೆಂದರೆ ಶಾಲೆ ಶುರುವಾದ ಕೂಡಲೇ ಪಠ್ಯ ಮುಗಿಸುವ ಓಟ ಶುರುವಾಗುತ್ತದೆ. ಹರಿಯಾಣದಲ್ಲಿ ಇದನ್ನು ಸರಿಮಾಡಿದರು. ದಿನಕ್ಕೆ ಒಂದು ಗಂಟೆ ಮೀಸಲಿಟ್ಟು, ಆ ಗಂಟೆಯಲ್ಲಿ ಮಕ್ಕಳನ್ನು ತರಗತಿ ಪ್ರಕಾರ ಕೂರಿಸದೆ ಓದಿನ ಮಟ್ಟದ ಪ್ರಕಾರ ಕೂರಿಸಿದರು. ಸರ್ಕಾರಿ ಶಿಕ್ಷಕರ ಕೈಯಲ್ಲೇ ಅದು ಫಲ ಕೊಟ್ಟಿತು.

ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬ್ಯಾಡ. ಆ ಶಿಕ್ಷಕರ ಮನಸ್ಸನ್ನು ಮೊದಲು ಬದಲಿಸಿ ಆಮೇಲೆ ತರಗತಿಗೆ ಕಳಿಸಲಿಲ್ಲ. ಕೆಲಸದ ಕ್ರಮ ಬದಲಾಯಿತು, ಮಕ್ಕಳು ಓದಿದರು. ಥಾಮಸ್ ಗಸ್ಕಿ ಎಂಬ ಅಮೆರಿಕದ ಶಿಕ್ಷಣತಜ್ಞರು 1986ರಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದ್ದರು. ತರಬೇತಿಯ ಭಾಷಣ ಕೇಳಿ ಶಿಕ್ಷಕರ ನಂಬಿಕೆ ಬದಲಾಗುವುದು ಕಡಿಮೆ. ಹೊಸ ರೀತಿ ಕಲಿಸಿ, ತಮ್ಮದೇ ಮಕ್ಕಳು ಕಲಿತದ್ದನ್ನು ನೋಡಿದ ಮೇಲೆ ನಂಬಿಕೆ ಬದಲಾಗುತ್ತದೆ. ನಮ್ಮ ಮೇಷ್ಟ್ರುಗಳ ಮೇಲೆ ಗೂಬೆ ಕೂರಿಸುವವರಿಗೆ ಇದು ಗೊತ್ತಿರಬೇಕು. ಅವರಿಗೆ ಬೇಕಿರುವುದು ಬೈಗುಳವಲ್ಲ. ಸಮಯ, ಸಾಮಗ್ರಿ ಮತ್ತು ‘ಪಠ್ಯ ಸ್ವಲ್ಪ ತಡವಾದರೂ ಪರವಾಗಿಲ್ಲ’ ಎನ್ನುವ ಮೇಲಧಿಕಾರಿಯ ಒಪ್ಪಿಗೆ.

‘ಇವರಿಗೆ ಓದು ಸಾಧ್ಯವೇ ಇಲ್ಲ’ ಅಂತ ಕಾನೂನೇ ತೀರ್ಮಾನಿಸಿದ್ದ ಮಕ್ಕಳ ಕಥೆ ಇನ್ನೂ ದೊಡ್ಡದು. ಬ್ರಿಟನ್ನಿನಲ್ಲಿ 1971ರವರೆಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬಂದು ಕಲಿಕೆಯನ್ನು ನಿಧಾನ ಮಾಡುವ ಸ್ಥಿತಿ) ಇರುವ ಬಹುಪಾಲು ಮಕ್ಕಳು ಶಿಕ್ಷಣ ಇಲಾಖೆಯ ಲೆಕ್ಕಕ್ಕೇ ಸೇರಿರಲಿಲ್ಲ. 1980ರ ಆಸುಪಾಸಿನಲ್ಲಿ ಲೆಸ್ಲಿ ಡಫನ್ ಎಂಬ ತಂದೆ, ಡೌನ್ ಸಿಂಡ್ರೋಮ್ ಇರುವ ತನ್ನ ಮಗಳು ಮೂರನೇ ವಯಸ್ಸಿನಿಂದ ಪದದ ಕಾರ್ಡುಗಳನ್ನು ನೋಡಿ ಓದಲು ಕಲಿತದ್ದನ್ನು ಪೋರ್ಟ್ಸ್‌ಮತ್‌ನ ಮನೋವಿಜ್ಞಾನಿ ಸೂ ಬಕ್ಲಿ ಅವರಿಗೆ ಬರೆದು ತಿಳಿಸಿದರು. ಅವರು ಅದನ್ನು ತಳ್ಳಿಹಾಕಲಿಲ್ಲ. ಬೇರೆ ಮಕ್ಕಳ ಜೊತೆ ಪ್ರಯತ್ನಿಸಿದರು. ಆ ಮಕ್ಕಳಿಗೆ ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ, ಹಾಗಾಗಿ ಮಾತು ಕಲಿಯಲು ಓದೇ ದಾರಿಯಾಗಬಹುದು ಎಂದು ಅವರ ಕೆಲಸ ತೋರಿಸಿತು. ಮಾತು ಬಂದ ಮೇಲೆ ಓದು ಅನ್ನುವ ಕ್ರಮವೇ ತಿರುಗಿಬಿತ್ತು.

ಈ ವಿಷಯದಲ್ಲಿ ಮೈಸೂರಿನವರು ಅದೃಷ್ಟವಂತರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಅದರ ಹತ್ತಿರದಲ್ಲೇ ಭಾರತೀಯ ಭಾಷಾ ಸಂಸ್ಥಾನ, ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಕನ್ನಡದ ಮಗು ಓದು ಕಲಿಯುವಾಗ ಎಲ್ಲಿ ಎಡವುತ್ತದೆ ಅಂತ ಪರೀಕ್ಷಿಸುವ ಕೆಲಸ ವಾಕ್ ಶ್ರವಣ ಸಂಸ್ಥೆಯಲ್ಲಿ ವರ್ಷಗಳಿಂದ ನಡೆದಿದೆ. ನಿಜವಾಗಿ ಡಿಸ್ಲೆಕ್ಸಿಯಾ (ಬುದ್ಧಿ ಇದ್ದೂ ಅಕ್ಷರ, ಪದ ಓದುವುದರಲ್ಲೇ ಇರುವ ತೊಡಕು) ಇರುವ ಮಕ್ಕಳೂ ನಮ್ಮ ನಡುವೆ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ಬಗೆಗಳಲ್ಲಿ ಅದೂ ಸೇರಿದೆ. ಅಂಥ ಮಗುವಿಗೂ ಓದು ಬರುತ್ತದೆ, ಬೇರೆ ರೀತಿಯಲ್ಲಿ, ಹೆಚ್ಚು ಸಮಯದಲ್ಲಿ. ಸಂಕಟ ಏನೆಂದರೆ ‘ದಡ್ಡ’ ಎಂಬ ಒಂದೇ ಮಾತಿನ ಕೆಳಗೆ ಇವರೆಲ್ಲರೂ ಸೇರಿಹೋಗುತ್ತಾರೆ. ಕಣ್ಣಿನ ದೋಷ ಇರುವ ಮಗು, ಕಿವಿ ಸರಿಯಾಗಿ ಕೇಳದ ಮಗು, ಡಿಸ್ಲೆಕ್ಸಿಯಾ ಇರುವ ಮಗು, ಮನೆಯಲ್ಲಿ ಜೇನುಕುರುಬರ ನುಡಿ ಆಡಿ ಶಾಲೆಯ ಕನ್ನಡಕ್ಕೆ ತಬ್ಬಿಬ್ಬಾದ ಮಗು, ಬರೀ ಗೈರುಹಾಜರಿಯಿಂದ ಹಿಂದೆ ಬಿದ್ದ ಮಗು. ಪ್ರತಿಯೊಬ್ಬರಿಗೂ ಬೇಕಾದ್ದು ಬೇರೆ. ಯಾರಿಗೆ ಏನು ಬೇಕು ಅಂತ ಹುಡುಕುವ ಕೆಲಸವನ್ನು ಆ ಒಂದು ಮಾತು ನಿಲ್ಲಿಸಿಬಿಡುತ್ತದೆ.

ದೊಡ್ಡವರಿಗೂ ಈ ಮಾತು ಅನ್ವಯ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ಶೇ 70 ದಾಟಿತ್ತಷ್ಟೇ. ಡೇರಿ ಪಾಸ್‌ಬುಕ್ಕಿಗೆ ಹೆಬ್ಬೆಟ್ಟು ಒತ್ತುವ ಅಮ್ಮಂದಿರು ಈಗಲೂ ಇದ್ದಾರೆ. ಈ ವಯಸ್ಸಲ್ಲಿ ಇನ್ನೇನು ಓದು ಅಂತ ಅವರೇ ಹೇಳುತ್ತಾರೆ. ಲಖನೌ ಬಳಿಯ ಹಳ್ಳಿಗಳಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಕ್ಕಳಿಗೆ ಆರು ತಿಂಗಳು ಹಿಂದಿ ಓದು ಕಲಿಸಿ, ಮೊದಲು ಮತ್ತು ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮಿದುಳಿನ ಆಳದ ಭಾಗಗಳಲ್ಲೂ ಬದಲಾವಣೆ ಕಂಡಿತ್ತು. ಕಲಿಯುವ ಶಕ್ತಿ ಬಾಲ್ಯಕ್ಕೇ ಮುಗಿದುಹೋಗುವುದಿಲ್ಲ.

ಇಲ್ಲಿಂದ ಮುಂದೆ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ‘ನಿಪುಣ್ ಭಾರತ್’ ಯೋಜನೆ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಲೆಕ್ಕ ಬರಬೇಕು ಎಂಬ ಗುರಿ ಇಟ್ಟಿತು. ಗುರಿ ಒಳ್ಳೆಯದೇ. ಆದರೆ ಎಲ್ಲರ ಕಣ್ಣೂ ಒಂದರಿಂದ ಮೂರನೇ ತರಗತಿಯ ಮೇಲೆ ನೆಟ್ಟಿರುವಾಗ ಈಗಾಗಲೇ ನಾಲ್ಕು, ಐದು, ಆರನೇ ತರಗತಿಯಲ್ಲಿರುವ ಮಕ್ಕಳು ಲೆಕ್ಕದಿಂದ ಜಾರಿಹೋಗುತ್ತಾರೆ ಅನ್ನುವ ಭಯ ನನ್ನದು. ನಮ್ಮ ರಾಜ್ಯದಲ್ಲಿ ಈ ಮಕ್ಕಳಿಗೆಂದೇ ‘ಓದು ಕರ್ನಾಟಕ’ ಬಂದಿತ್ತು. ಕೋವಿಡ್ ನಂತರ ‘ಕಲಿಕಾ ಚೇತರಿಕೆ’ ಬಂತು. ಒಂದು ವರ್ಷ ಬಂದು ಮರುವರ್ಷ ಹೆಸರು ಬದಲಾಗುವ ಕಾರ್ಯಕ್ರಮಗಳಿಗಿಂತ, ನಾಲ್ಕು, ಐದನೇ ತರಗತಿಗಳ ವೇಳಾಪಟ್ಟಿಯಲ್ಲೇ ದಿನಕ್ಕೊಂದು ಗಂಟೆ ಓದಿಗೆ ಶಾಶ್ವತವಾಗಿ ಮೀಸಲಿಟ್ಟರೆ ಸಾಕು. ನಲಿ-ಕಲಿಯ ಏಣಿಯನ್ನು ಐದನೇ ತರಗತಿಯವರೆಗೆ ಉದ್ದ ಮಾಡಿದಂತಾಗುತ್ತದೆ.

ಇಂಗ್ಲಿಷ್ ಮಾಧ್ಯಮದ ಸೆಳೆತ ಇದಕ್ಕೆ ಅಡ್ಡ ಬರುತ್ತಿದೆ. ಮಕ್ಕಳ ಬಗ್ಗೆ ದೊಡ್ಡ ಆಸೆ ಇಟ್ಟುಕೊಂಡೇ ತಂದೆತಾಯಿ ಸಾಲ ಮಾಡಿ ವ್ಯಾನ್ ಹತ್ತಿಸುತ್ತಾರೆ. ಆ ಆಸೆಗೆ ನನ್ನ ಗೌರವ ಇದೆ. ಆದರೆ ಮಾತಾಡುವ ಭಾಷೆಯಲ್ಲಿ ಓದು ಗಟ್ಟಿಯಾಗದ ಮಗು ಅಲ್ಲಿಯೂ ಬೋರ್ಡ್ ನೋಡಿ ಕಾಪಿ ಮಾಡುತ್ತದೆ, ಯೂನಿಫಾರ್ಮ್ ಮಾತ್ರ ಬೇರೆ.

ಊರಿನ ಮಟ್ಟದಲ್ಲಿ ಆಗಬಹುದಾದ ಕೆಲಸವೂ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ‘ಓದುವ ಬೆಳಕು’ ಅಭಿಯಾನದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಲಕ್ಷಾಂತರ ಪುಸ್ತಕಗಳ ಮನೆಯನ್ನೇ ಕಟ್ಟಿದ್ದಾರೆ. ಬಸ್ ಕಂಡಕ್ಟರ್ ಆಗಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಮನುಷ್ಯ ತನ್ನ ಸಂಬಳವನ್ನು ಪುಸ್ತಕಕ್ಕೆ ಸುರಿದದ್ದು. ಆದರೆ ಓದಲು ಬಾರದ ಮಗು ಗ್ರಂಥಾಲಯದ ಮೆಟ್ಟಿಲು ಹತ್ತುವುದಿಲ್ಲ. ಅದು ನಾಚಿಕೊಳ್ಳುತ್ತದೆ. ಹತ್ತು ವರ್ಷದ ಮಗುವಿಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವಮಾನ, ಐದನೇ ತರಗತಿಯದ್ದು ಕೊಟ್ಟರೆ ಭಯ. ಅಕ್ಷರ ಸುಲಭವಾಗಿರಬೇಕು, ವಿಷಯ ಮಾತ್ರ ಹತ್ತು ವರ್ಷದವರದ್ದಾಗಿರಬೇಕು. ಕಬಡ್ಡಿ, ಟ್ರಾಕ್ಟರ್, ಆನೆ ಗದ್ದೆಗೆ ನುಗ್ಗಿದ ಕಥೆ. ಇಂಥ ಪುಸ್ತಕ ಕನ್ನಡದಲ್ಲಿ ಇನ್ನೂ ಸಾಲದು. ಬರೆಯುವವರು ಈ ಕಡೆ ಗಮನ ಕೊಡಬೇಕು ಅಂತ ನನ್ನ ಕೋರಿಕೆ.

ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗಳಲ್ಲಿ ಕಾಂಪೌಂಡ್, ಶೌಚಾಲಯ, ಶಾಲಾ ವಾರ್ಷಿಕೋತ್ಸವದ ಚರ್ಚೆ ಸಾಕಷ್ಟು ನಡೆಯುತ್ತದೆ. ಅದರ ಜೊತೆ ಇನ್ನೊಂದು ಪ್ರಶ್ನೆಯನ್ನೂ ಅಪ್ಪ ಅಮ್ಮಂದಿರು ಕೇಳಬಹುದು: ನಾಲ್ಕು ಮತ್ತು ಐದನೇ ತರಗತಿಯಲ್ಲಿ ಅಕ್ಷರ ಮಾತ್ರ ಗುರುತಿಸುವವರು ಎಷ್ಟು, ಪದ ಓದುವವರು ಎಷ್ಟು, ಕಥೆ ಓದುವವರು ಎಷ್ಟು? ಇದನ್ನು ತಿಳಿಯಲು ಒಂದು ಮಗುವಿಗೆ ಐದು ನಿಮಿಷ ಸಾಕು, ಒಂದು ಹಾಳೆ ಸಾಕು. ಮಕ್ಕಳ ಹೆಸರು ಹೇಳುವುದು ಬೇಡ, ಎಲ್ಲರ ಮುಂದೆ ಓದಿಸುವುದೂ ಬೇಡ. ಪ್ರತಿ ಗುಂಪಿಗೆ ಯಾರು, ದಿನದ ಯಾವ ಗಂಟೆಯಲ್ಲಿ ಕಲಿಸುತ್ತಾರೆ ಅಂತ ಬರೆದುಕೊಂಡು, ಮೂರು ತಿಂಗಳ ನಂತರದ ಸಭೆಯಲ್ಲಿ ಅದೇ ಲೆಕ್ಕವನ್ನು ಮತ್ತೆ ಕೇಳಬೇಕು.